ಕೊನೆಯ ಸಾಲು

ಕಾಲು ಇವತ್ತು ನನ್ನವಲ್ಲ.
ಗೊತ್ತಾದದ್ದು ಮೊದಲ ತಿರುವಿನಲ್ಲೇ,
ರಗ್ಬಿ ಕಂಬ ದಾಟುವ ಮೊದಲೇ:
ಯಾರೋ ರಾತ್ರಿ ಬಂದು ಎಲುಬು ತೆಗೆದು
ಒದ್ದೆ ಮರಳು ತುಂಬಿ
ಹೊಲಿದು ಹೋದ ಹಾಗೆ.

ನಿದ್ದೆ ಚೆನ್ನಾಗಿಯೇ ಆಗಿತ್ತು.
ಗಂಜಿ ಉಂಡಿದ್ದೆ. ಗಾಲಿಯನ್ನು ಹೆಬ್ಬೆರಳಲ್ಲಿ ಅಮುಕಿ ಅಮುಕಿ
ಗಾಳಿ ಹದಕ್ಕೆ ಇಳಿಸಿದ್ದೆ.
ಹೋದ ಭಾನುವಾರ ಇದೇ ಕಾಲಲ್ಲಿ ಹನ್ನೊಂದನೆಯವಳು.
ಕಾರಣ ಬೇಕಲ್ಲ, ಹುಡುಕಿದೆ:
ಜ್ವರವಿಲ್ಲ, ಮುಟ್ಟಿಲ್ಲ, ಮನೆಯಲ್ಲಿ ಜಗಳವಿಲ್ಲ.
ಕರೆಂಟೇನು ಹೇಳಿ ಹೋಗುತ್ತದೆಯೇ?

ಸ್ಕಿಪ್ಟನ್. ನವೆಂಬರ್. ಬೆಟ್ಟದ ಮೇಲೆ ಮೋಡ
ಕೆಲಸವಿಲ್ಲದ ಭಾವನ ಹಾಗೆ ಒರಗಿ ಕೂತಿದೆ.
ಬಯಲ ತುಂಬ ಗೂಟ, ಗೂಟಕ್ಕೆ ಪಟ್ಟಿ,
ಪಟ್ಟಿಗಳ ನಡುವೆ ಮೂವತ್ತೆಂಟು ಹೆಂಗಸರು
ಇಳಿಜಾರಿನ ಹುಲ್ಲಲ್ಲಿ ಅಡ್ಡಡ್ಡ ಜಾರುತ್ತ.
ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.
ಇಲ್ಲಿ ನೆಲ ನಿಜಕ್ಕೂ ಡೊಂಕು, ಸ್ವಾಮಿ.
ಸಾಲದೆಂದು ಶನಿವಾರ ಸಂಜೆ ನಿಂತು
ಇನ್ನಷ್ಟು ಡೊಂಕು ಮಾಡಿದ್ದಾರೆ,
ಅದಕ್ಕೆ ನಾನು ಇಪ್ಪತ್ತೆರಡು ಪೌಂಡು ಕೊಟ್ಟಿದ್ದೇನೆ.

ಎರಡನೆಯ ಸುತ್ತಿಗೆ ಹುಲ್ಲು ಕೆಸರಾಯಿತು,
ಮೂರನೆಯದಕ್ಕೆ ಕೆಸರು ರಾಡಿಯಾಯಿತು,
ಆಮೇಲಿನದಕ್ಕೆ ನನ್ನ ಹತ್ತಿರ ಹೆಸರಿಲ್ಲ;
ಗೇರಿನ ಹಲ್ಲಿಗೆ ಸಿಕ್ಕಿ ಅದು ನನ್ನನ್ನೇ ಅಗಿಯುತ್ತಿತ್ತು.

ಹಲಗೆ ಬಂದಲ್ಲಿ ಇಳಿ, ಎತ್ತು, ದಾಟು, ಹತ್ತು.
ಮೆಟ್ಟಿಲು ಬಂದಲ್ಲಿ ಹೆಗಲಿಗೇರಿಸು.
ನನ್ನನ್ನು ಹೊರಬೇಕಾದದ್ದನ್ನು ನಾನೇ ಹೊತ್ತು
ಇಪ್ಪತ್ತಾರು ಮೆಟ್ಟಿಲು.
ತುದಿಯಲ್ಲೊಬ್ಬ ಹುಡುಗ, ಒಂಬತ್ತಿದ್ದೀತು,
ಬಾಯಲ್ಲಿ ಬನ್ನು, ಕೈಯಲ್ಲಿ ಹಸುವಿನ ಗಂಟೆ:
"ಇನ್ನೇನು ಮುಗೀತು!" ಎಂದ.
ಪ್ರತಿ ಸುತ್ತಿಗೂ ಅದನ್ನೇ ಎಂದ.

ಕನ್ನಡಕದ ಮೇಲೆ ಮಣ್ಣು.
ವಾರಕ್ಕೈದು ದಿನ ಹೈ ಸ್ಟ್ರೀಟಿನ ಅಂಗಡಿಯಲ್ಲಿ,
ಕತ್ತಲ ಕೋಣೆಯಲ್ಲಿ ಊರಿನ ಕಣ್ಣು ನೋಡುವವಳು ನಾನು:
ಇದು ಚೆನ್ನವೋ, ಇದು ಚೆನ್ನವೋ, ಎರಡೂ ಒಂದೆಯೋ?
ಈಗ ತೆಗೆದರೆ ಮಸುಕು, ಹಾಕಿದರೆ ಕತ್ತಲು.
ಎರಡೂ ಒಂದೇ.

ಬೆನ್ನ ಹಿಂದೆ ಉಸಿರು. ಗೇನರ್.
ಅರವತ್ತಮೂರು ವರ್ಷ. ಎಡಗಣ್ಣಿಗೆ ಪೊರೆ;
ಆಸ್ಪತ್ರೆಗೆ ಚೀಟಿ ಬರೆದವಳು ನಾನೇ, ಆಗಸ್ಟಿನಲ್ಲಿ.
"ಬಲಗಡೆಯಿಂದ, ವನಾ!" ಎಂದು ಕೂಗಿ
ಪೊರೆಗಣ್ಣಿನ ಪಾಲಿಗೆ ನನ್ನನ್ನು ಬಿಟ್ಟು
ಹೋದಳು. ಕಂಡೆನೋ ಇಲ್ಲವೋ,
ಕೂದಲೆಳೆಯಷ್ಟೂ ತಾಗಲಿಲ್ಲ.

ಇನ್ನು ಹೇಳಬೇಕಾದ್ದು.
ಇಲ್ಲಿನ ನಿಯಮ ಹೀಗೆ: ಮೊದಲನೆಯವಳು ಮುಗಿಸಿದ ಮೇಲೆ
ಗೆರೆಗೆ ಬಂದವರೆಲ್ಲ ಮುಗಿಸಿದಂತೆ.
ಅವಳಿಗಿಂತ ಮುಂಚೆ ಗೆರೆ ದಾಟಿದೆಯೋ,
ಇನ್ನೂ ಒಂದು ಸುತ್ತು.
ಅವಳೆಂದರೆ ಇಮೋಜನ್, ಹತ್ತೊಂಬತ್ತರ ಹುಡುಗಿ,
ಕೆಳಗಿನ ತಿರುವಲ್ಲಿ ಹಳದಿ ಚುಕ್ಕೆಯಾಗಿ ಬರುತ್ತಿದ್ದಳು.
ನಾನು ಮೆಟ್ಟಿಲ ತುದಿಯಲ್ಲಿದ್ದೆ. ಗೆರೆ ಇನ್ನೂರು ಗಜ.
ಮನಸ್ಸು ಮಾಡಿದ್ದರೆ, ಈ ಕಾಲಲ್ಲೂ,
ನಾನೇ ಮೊದಲು ದಾಟುತ್ತಿದ್ದೆ.

ಸರಪಳಿ ಬಿದ್ದಿರಲಿಲ್ಲ.
ಬಗ್ಗಿ ಸರಪಳಿ ಮುಟ್ಟಿದೆ.
ಅತ್ತ ಇತ್ತ ಎಳೆದೆ, ತಲೆ ಆಡಿಸಿದೆ,
ಥತ್ ಎಂದು ಕೂಡ ಅಂದೆ.
ಇಮೋಜನ್ ದಾಟುವಾಗ "ಕ್ಷಮಿಸಿ" ಎಂದಳು
ನಿಜಕ್ಕೂ ನೊಂದವಳಂತೆ.
ಗಂಟೆ ನಿಂತಿತ್ತು. ಹುಡುಗ ಬನ್ನು ಅಗಿಯುವುದನ್ನೂ ನಿಲ್ಲಿಸಿ
ನನ್ನ ಕೈಯನ್ನೇ ನೋಡುತ್ತಿದ್ದ.

ಸೈಕಲ್ ತೊಳೆಯುವ ನಲ್ಲಿಯ ಮುಂದೆ ಉದ್ದ ಸಾಲು.
ನೆವಿಲ್ ಅದಾಗಲೇ ಪಟ್ಟಿ ಸುತ್ತುತ್ತಿದ್ದಾನೆ
ದಾರಿಯನ್ನೇ ಉಂಡೆ ಕಟ್ಟುವವನಂತೆ.
ವ್ಯಾನಿನ ಬಾಗಿಲಿಗೆ ಫಲಿತಾಂಶ ಅಂಟಿಸಿದ್ದರು;
ಕೆಳಗಿನಿಂದ ಓದಿದೆ, ಬೇಗ ಸಿಕ್ಕಿತು.
"ಚೈನ್ ಸರಿಯಾಯ್ತಾ?" ಮೊಣಕೈ ಹತ್ತಿರ ದನಿ.
"ಸರಿಯಾಯ್ತು" ಎಂದೆ.
ಅವನು ಇನ್ನೇನೂ ಕೇಳಲಿಲ್ಲ,
ಗಂಟೆಯ ನಾಲಗೆಯನ್ನು ಬೆರಳಲ್ಲಿ ಹಿಡಿದು ಹೋದ.

ಸೋಮವಾರ ಒಂಬತ್ತಕ್ಕೆ ಮೊದಲ ಗಿರಾಕಿ.
ನನ್ನ ಕಿವಿಯೊಳಗೆ ಇನ್ನೂ ಮಣ್ಣಿದೆ.
ಕೊನೆಯ ಸಾಲು ಓದಿ, ಎನ್ನುತ್ತೇನೆ.
ಕಾಣುವುದಿಲ್ಲ ಎಂದು ಯಾರೂ ಒಪ್ಪುವುದಿಲ್ಲ.
ಕಣ್ಣು ಕಿರಿದು ಮಾಡಿ, ಮುಂದೆ ಬಾಗಿ,
ಇ ಇರಬಹುದು, ಎಫ್ ಇರಬಹುದು ಎಂದು
ಊಹಿಸುತ್ತಾರೆ.
ಗೊತ್ತಾಗುತ್ತದೆ ನನಗೆ.
ಗೊತ್ತಾಯಿತೆಂದು
ಹೇಳುವುದಿಲ್ಲ.